ಕೇಳುಗರೇ ಇಲ್ಲದ ಮೇಜು

ತ್ಬಿಲಿಸಿ ವಿಮಾನ ನಿಲ್ದಾಣ

ನನ್ನ ಸೂಟ್‌ಕೇಸು ಬಿಚ್ಚಿಸಿದ ಕಸ್ಟಮ್ಸ್ ಅಧಿಕಾರಿ ಚಟ್ನಿಪುಡಿಯನ್ನು ಬಿಟ್ಟ, ಗೊಜ್ಜವಲಕ್ಕಿಯನ್ನು ಬಿಟ್ಟ, ಎರಡು ಬನಿಯನ್ನುಗಳ ನಡುವೆ ನಾನು ಸುತ್ತಿಟ್ಟಿದ್ದ ಶ್ರುತಿಪೆಟ್ಟಿಗೆಯನ್ನು ಮಾತ್ರ ಹಿಡಿದುಕೊಂಡ. ಸಣ್ಣ ರೇಡಿಯೊ ಗಾತ್ರದ್ದು. ಬ್ಯಾಟರಿ ಹಾಕಿದರೆ ತಂಬೂರಿಯ ಹಾಗೆ ಒಂದೇ ಸಮ ನುಡಿಯುತ್ತದೆ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಮ್ಯೂಸಿಕ್ ಎಂದೆ. ಹಚ್ಚಿ ತೋರಿಸು ಎಂದ. ಹಚ್ಚಿದೆ. ಝೇಂ ಎಂದಿತು. ಆತ ತಲೆ ವಾಲಿಸಿಕೊಂಡು ಕಾದ. ಪಕ್ಕದ ಮೇಜಿನ ಹೆಂಗಸೂ ಬಂದು ನಿಂತಳು. ಪೆಟ್ಟಿಗೆ ಝೇಂ ಅನ್ನುತ್ತಲೇ ಇತ್ತು. ಕೊನೆಗೆ ಆತ ಬಹಳ ಮರ್ಯಾದೆಯಿಂದ ಕೇಳಿದ: ಮ್ಯೂಸಿಕ್ ಯಾವಾಗ ಶುರುವಾಗುತ್ತದೆ?

ನಾನು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದವನು. ಇಂಥ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಎಲ್ಲಿಂದ ಬರಬೇಕು? ಉತ್ತರ ಗೊತ್ತಿದ್ದವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು, ನನ್ನ ಹೆಂಡತಿ ಪದ್ಮಾ. ಅವಳು ಅಧಿಕಾರಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನನಗೆ ಮಾತ್ರ ಹೇಳಿದಳು.

“ಇದನ್ನ ಯಾಕ್ರೀ ತಂದ್ರಿ? ಯಾರಿಗೆ ಬೇಕಾಗಿತ್ತು ಇಲ್ಲಿ?”

ಬಿಸಿ ತುಪ್ಪದ ಸ್ಥಿತಿ ನನ್ನದು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅವಳಿಗೇ ಬೇಕಾಗಬಹುದು ಎಂಬ ಆಸೆಯಿಂದ ಅವಳಿಗೆ ಗೊತ್ತಾಗದ ಹಾಗೆ ತಂದಿದ್ದೆ. ಅಧಿಕಾರಿ ಪೆಟ್ಟಿಗೆ ವಾಪಸು ಕೊಟ್ಟು, ನಕ್ಕು, ಜಾರ್ಜಿಯಾಕ್ಕೆ ಸ್ವಾಗತ ಎಂದ. ನಾನು ಹೇಳುತ್ತಿರುವುದು ಅಮೆರಿಕದ ಜಾರ್ಜಿಯಾ ಅಲ್ಲ. ಕಪ್ಪು ಸಮುದ್ರದ ಪಕ್ಕ, ಕಾಕಸಸ್ ಬೆಟ್ಟಗಳ ಬುಡದಲ್ಲಿ ಇರುವ ಪುಟ್ಟ ದೇಶ. ಸಾರಕ್ಕಿ ಕೆರೆಯ ಬಳಿ ನನ್ನ ಜೊತೆ ವಾಕಿಂಗ್ ಬರುವ ಗೆಳೆಯರೊಬ್ಬರು ಹೋಗಿ ಬಂದು, “ಸಖತ್ ಜಾಗ ಸಾರ್, ಮೇಡಂನ ಕರ್ಕೊಂಡು ಹೋಗಿ, ಮನಸ್ಸಿಗೆ ಹಗುರ ಆಗುತ್ತೆ” ಎಂದಿದ್ದರು. ಪದ್ಮಾಳ ಮನಸ್ಸು ಭಾರವಾಗಿದೆ ಎನ್ನುವುದು ನಮ್ಮ ಕ್ರಾಸಿಗೆಲ್ಲ ಗೊತ್ತಿತ್ತು.

ಯಾಕೆಂದರೆ ನಮ್ಮ ಮನೆ ಸುಮ್ಮನಾಗಿತ್ತು. ಜೆ.ಪಿ. ನಗರದ ಆ ಮನೆಯ ಮುಂದಿನ ಕೋಣೆಯಲ್ಲಿ ಅವಳು ವರ್ಷಾನುಗಟ್ಟಲೆ ಮಕ್ಕಳಿಗೆ ಸಂಗೀತ ಹೇಳಿಕೊಟ್ಟಿದ್ದಾಳೆ. ಗೇಟಿನ ಹೊರಗೆ ಚಪ್ಪಲಿ ರಾಶಿ, ಒಳಗೆ ಸರಳೆ ವರಸೆ. ಆಮೇಲೆ ಥೈರಾಯಿಡ್ ಗಂಟಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಅವಳು ಉಳಿದಳು, ಧ್ವನಿ ಮಾತ್ರ ಕೆಳಗಿಳಿದು ಕೂತುಬಿಟ್ಟಿತು. ಮೇಲಿನ ಷಡ್ಜದತ್ತ ಹೋದರೆ ಗಂಟಲು ಬರೀ ಗಾಳಿ ಬಿಡುತ್ತಿತ್ತು. ಕೆಳಗಿನ ಶ್ರುತಿಯಲ್ಲಿ ಹಾಡಿ ಎಂದು ಡಾಕ್ಟರೇ ಹೇಳಿದರು. ಅದು ಹಾಡೋದಲ್ಲ, ಗೊಣಗೋದು ಎಂದು ಇವಳು ಕ್ಲಾಸು ಮುಚ್ಚಿದಳು, ತಂಬೂರಿಗೆ ಗವಸು ಹಾಕಿದಳು. ಚಪ್ಪಲಿ ರಾಶಿ ಹೋಯಿತು. ನನಗೆ ಅಳು ಬಂದದ್ದು ಆಪರೇಷನ್ ದಿನ ಅಲ್ಲ, ಆ ಖಾಲಿ ಗೇಟು ನೋಡಿದ ದಿನ. ಅವಳು ಇನ್ನೊಮ್ಮೆ ಬಾಯಿ ಬಿಟ್ಟು ಹಾಡಬೇಕು. ನನಗೆ ಬೇಕಾಗಿದ್ದುದು ಇಷ್ಟೇ. ಬೆಟ್ಟ, ಹಿಮ, ಚರ್ಚುಗಳೆಲ್ಲ ನೆಪ.

ತ್ಬಿಲಿಸಿಯ ಹಳೇ ಬೀದಿ

ನಾವು ಉಳಿದುಕೊಂಡ ಬೀದಿಯಲ್ಲಿ ಮನೆಗಳ ಮರದ ಬಾಲ್ಕನಿಗಳು ರಸ್ತೆಯ ಮೇಲೆ ಬಾಗಿಕೊಂಡಿದ್ದವು. ಪ್ರತಿ ಬಾಲ್ಕನಿಗೂ ಒಂದು ದ್ರಾಕ್ಷಿ ಬಳ್ಳಿ, ಒಂದು ಬಟ್ಟೆ ಒಣಗಿಸುವ ಹಗ್ಗ. ಬೆಳಿಗ್ಗೆ ಮೂಲೆಯ ಬೇಕರಿಗೆ ಹೋಗಿ ಬ್ರೆಡ್ಡಿಗೆ ಇಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ, ಒಲೆಯ ಮುಂದೆ ಬೆವರುತ್ತಿದ್ದಾಕೆ “ಪೂರಿ” ಎಂದಳು. ಸರಿ, ಸಾಗು ಎಲ್ಲಿ ಎಂದು ಪದ್ಮಾಳನ್ನು ಕೇಳಿದೆ. ವಿಮಾನ ಇಳಿದ ಮೇಲೆ ಅವಳು ಮೊದಲ ಸಲ ನಕ್ಕದ್ದು ಅಲ್ಲಿ.

ಮಾಂಸ ತಿನ್ನದವರು ಅಲ್ಲಿ ಉಪವಾಸ ಬೀಳುತ್ತಾರೆ ಎಂದು ಹೆದರಿಸಿದ್ದರು. ಸುಳ್ಳು. ಅವರಿಗೂ ನಮ್ಮ ಏಕಾದಶಿಯ ಹಾಗೆ ವ್ರತದ ದಿನಗಳಿವೆ, ಬೆಣ್ಣೆ ಮೊಟ್ಟೆ ಕೂಡ ಮುಟ್ಟದ ಅಡುಗೆಗಳಿವೆ. ವ್ರತದ ಊಟ ಕೊಡಿ ಎಂದರೆ ಸಾಕು, ಹೋಟೆಲಿನವಳು ನಮ್ಮನ್ನು ಮಹಾ ದೈವಭಕ್ತರು ಎಂದುಕೊಂಡು ಇನ್ನೊಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದಳು. ಬದನೆಕಾಯಿಗೆ ಅಕ್ರೋಟು ಅರೆದು ತುಂಬಿದ್ದನ್ನು ತಿಂದ ಪದ್ಮಾ, ಇದಕ್ಕೆ ಚೂರು ಹುಣಸೆಹಣ್ಣು ಬಿದ್ದಿದ್ದರೆ ನಮ್ಮದೇ ಎಣಗಾಯಿ ಎಂದಳು.

ಆ ಬೀದಿಯಲ್ಲಿ ನಾನು ಬೆರಗಾಗಿದ್ದು ಬೇರೆ ವಿಷಯಕ್ಕೆ. ಒಂದು ಬೆಳಿಗ್ಗೆ ಕೆಳಗೆ ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು ಏನನ್ನೋ ಹಾಡಿಕೊಳ್ಳುತ್ತಿದ್ದಳು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಇನ್ನೊಬ್ಬಳು ಅದೇ ಹಾಡನ್ನು ಸ್ವಲ್ಪ ಮೇಲಿನ ಧ್ವನಿಯಲ್ಲಿ ಸೇರಿಕೊಂಡಳು. ಎದುರು ಮನೆಯ ಗಂಡಸು ಕಿಟಕಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತ ಕೆಳಗಿನ ಸ್ವರ ಹಿಡಿದ. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ. ಹಾಡು ಮುಗಿಯಿತು, ಗುಡಿಸುವವಳು ಗುಡಿಸಿದಳು, ಹಿಂಡುವವಳು ಹಿಂಡಿದಳು. ನಮ್ಮ ಕ್ರಾಸಿನಲ್ಲಿ ನಾನು ಬಾಲ್ಕನಿಯಲ್ಲಿ ನಿಂತು ಒಂದು ಸಾಲು ಗುನುಗಿದೆ ಎಂದಿಟ್ಟುಕೊಳ್ಳಿ. ಎದುರು ಮನೆಯವರು, ಏನ್ ಸಾರ್ ಇವತ್ತು ಭಾರಿ ಖುಷೀಲಿದೀರಾ ಎಂದು ಕೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ.

ನಮ್ಮಲ್ಲಿ ಸಂಗೀತ ಎನ್ನುವ ಮಾತಿಗೆ ಕಾಂಪೌಂಡು ಕಟ್ಟಿ ಗೇಟು ಹಾಕಿದ್ದೇವೆ. ಪದ್ಮಾ ಹಾಡಿದರೆ ಅದು ಸಂಗೀತ. ನಮ್ಮಮ್ಮ ತೊಟ್ಟಿಲು ತೂಗುತ್ತ ಹೇಳುತ್ತಿದ್ದುದು ‘ಹಾಡು’. ದೇವಸ್ಥಾನದಲ್ಲಿ ಎಲ್ಲರೂ ಕೂಗಿದರೆ ಭಜನೆ. ಮದುವೆಮನೆಯಲ್ಲಿ ಊದಿದರೆ ವಾಲಗ. ಆಟೋದಲ್ಲಿ ಬರುವುದು ಮ್ಯೂಸಿಕ್, ಗಣಪತಿ ಪೆಂಡಾಲಿನಲ್ಲಿ ಬರುವುದು ಗಲಾಟೆ. ನಾನು ಬಚ್ಚಲಲ್ಲಿ ಮಾಡುವುದಕ್ಕೆ ಇನ್ನೂ ಹೆಸರಿಟ್ಟಿಲ್ಲ. ನನ್ನ ಮಾವನವರು ವಿದ್ವಾಂಸರು. ಮದುವೆಯಾದ ಹೊಸತರಲ್ಲಿ ನಾನು ಅವರ ಮನೆಯಲ್ಲಿ ಸ್ನಾನ ಮಾಡುತ್ತ ಒಂದು ಸಲ ಹಾಡಿಕೊಂಡೆ. ಹೊರಗೆ ಬಂದಾಗ ಅವರು ಪೇಪರಿನಿಂದ ತಲೆ ಎತ್ತದೆ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದರು. ಯಾರಿಗೆ ಹೇಳಿದ್ದು ಎಂದು ನಾನೂ ಕೇಳಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಡುವವಳು ಅವಳು, ಕೇಳುವವನು ನಾನು, ಕೆಲಸ ಹಂಚಿಕೆಯಾಗಿತ್ತು.

ಬಾಲ್ಕನಿಯ ಹಾಡು ಮುಗಿದ ಮೇಲೂ ಪದ್ಮಾ ನಮ್ಮ ಕೋಣೆಯ ಬಾಲ್ಕನಿಯ ಕಂಬಕ್ಕೆ ಒರಗಿ ಅಲ್ಲೇ ನಿಂತಿದ್ದಳು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ, ಕಾಫಿಪುಡಿ ಎಲ್ಲಿಟ್ಟೆ ಎಂದು ಹುಡುಕುತ್ತ ಒಳಗೆ ಹೋದಳು. ಕಾಫಿಪುಡಿ ಅವಳ ಕೈಯಲ್ಲೇ ಇತ್ತು.

ಬೆಟ್ಟದ ದಾರಿ

ಉತ್ತರದ ಬೆಟ್ಟಗಳಿಗೆ ನಮ್ಮನ್ನು ಕರೆದುಕೊಂಡು ಹೋದ ಡ್ರೈವರ್ ಝಾಝಾ ಐವತ್ತರ ಆಸುಪಾಸಿನವನು. ಎತ್ತರದ ಆಳು, ಮಾತು ಕಡಿಮೆ. ಅವನ ಇಂಗ್ಲಿಷು ನಮ್ಮ ಕೆಲವು ಆಟೋ ಡ್ರೈವರುಗಳ ಇಂಗ್ಲಿಷಿನ ಹಾಗೆ, ಕ್ರಿಯಾಪದವೇ ಇಲ್ಲ, ಆದರೂ ಎಲ್ಲ ಅರ್ಥವಾಗುತ್ತದೆ. ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಮುಂದೆ ತೋರಿಸಿದ. “ಸ್ಟೋನ್. ಬಿಗ್. ರೋಡ್ ನೋ.” ಬೆಟ್ಟದಿಂದ ಬಂಡೆಗಳು ಉರುಳಿ ದಾರಿ ಮುಚ್ಚಿತ್ತು. ಯಂತ್ರ ಬಂದು ತೆಗೆಯುವುದು ಸಂಜೆಯ ಹೊತ್ತಿಗೆ ಎಂದು ತಿಳಿಯಿತು.

ಸಾರಕ್ಕಿ ಸಿಗ್ನಲ್ಲಿನಲ್ಲಿ ಹೀಗಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಸಾಲು ಆರಾಗಿ, ಎಲ್ಲರೂ ಹಾರ್ನ್ ಒತ್ತಿ, ಬಂಡೆಯೇ ನಾಚಿಕೊಂಡು ಎದ್ದು ಹೋಗುತ್ತಿತ್ತು. ಇಲ್ಲಿ ಜನ ಗಾಡಿಯಿಂದಿಳಿದು ಬುತ್ತಿ ಬಿಚ್ಚಿದರು. ಝಾಝಾ ಒಂದು ಕ್ಷಣ ಯೋಚಿಸಿ ಗಾಡಿ ತಿರುಗಿಸಿದ. “ಮೈ ಮದರ್. ಈಟ್” ಎಂದ. ಬೇಡ, ತೊಂದರೆ ಕೊಡುವುದಿಲ್ಲ ಎಂದು ನಾವು ನಮ್ಮೂರ ಸಂಕೋಚ ಮಾಡಿದೆವು. ಅವನಿಗೆ ಆ ಸಂಕೋಚ ಅರ್ಥವೇ ಆಗಲಿಲ್ಲ, ಅಥವಾ ಆಗದ ಹಾಗೆ ಇದ್ದ.

ಲಾಮಾರಾ ಅಜ್ಜಿಯ ಮನೆ

ಬೆಟ್ಟದ ಮಗ್ಗುಲಲ್ಲಿ ಕಲ್ಲಿನ ಮನೆ, ಅಂಗಳದಲ್ಲಿ ಸೇಬಿನ ಮರ, ಅದರಡಿ ಉದ್ದನೆಯ ಮೇಜು. ಝಾಝಾನ ತಾಯಿ ಲಾಮಾರಾ ಕಪ್ಪು ಬಟ್ಟೆಯ, ಬೆನ್ನು ಬಾಗದ ಮುದುಕಿ. ಅವನ ಹೆಂಡತಿ ಏಕಾ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಈ ಮುಂದೆ ಆ ಮನೆಯವರು ಆಡಿದ್ದೆಲ್ಲ ಏಕಾಳ ಬಾಯಿಂದಲೇ ನಮಗೆ ಬಂದದ್ದು. ನಾವು ಮಾಂಸ ತಿನ್ನುವುದಿಲ್ಲ ಎಂದು ಕೇಳಿದ ಲಾಮಾರಾ ಅಜ್ಜಿ ಒಳಗೆ ಹೋಗಿ, ಹುರುಳಿಕಾಯಿ, ಚೀಸು, ಸೊಪ್ಪು, ಪೂರಿ ಎಂದು ಮೇಜು ಕಾಣದ ಹಾಗೆ ತುಂಬಿಸಿದರು. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಂದ ಗಂಡಸರು ಹೆಂಗಸರು ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಬಂದು ಕೂತರು. ಯಾರೂ ಕರೆದದ್ದು ನಾನು ನೋಡಲಿಲ್ಲ.

ಅಲ್ಲಿ ಊಟ ಸುಮ್ಮನೆ ಉಣ್ಣುವುದಲ್ಲ. ಮೇಜಿಗೊಬ್ಬ ಯಜಮಾನ ಇರುತ್ತಾನೆ. ಅವನು ಎದ್ದು ನಿಂತು ದೇವರನ್ನು, ತೀರಿಕೊಂಡವರನ್ನು, ಅತಿಥಿಗಳನ್ನು ಒಬ್ಬೊಬ್ಬರಾಗಿ ನೆನೆಯುತ್ತಾನೆ. ಪ್ರತಿ ಸಲ ಎಲ್ಲರೂ ಕುಡಿಯುತ್ತಾರೆ. ಅವತ್ತಿನ ಯಜಮಾನ ಝಾಝಾ. ದಾರಿಯುದ್ದಕ್ಕೂ ಕ್ರಿಯಾಪದವಿಲ್ಲದೆ ಕಳೆದ ಮನುಷ್ಯ ತನ್ನ ಮಾತಿನಲ್ಲಿ ಹೊಳೆಯ ಹಾಗೆ ಹರಿದ. ನಾವು ದ್ರಾಕ್ಷಾರಸ ಮುಟ್ಟುವವರಲ್ಲವೆಂದು ಕೊಂಬಿನ ಪಾತ್ರೆಗೆ ಬೇಯಿಸಿದ ಚೆರ್ರಿಹಣ್ಣಿನ ಪಾನಕ ಹೊಯ್ದು ನನ್ನ ಕೈಗಿತ್ತರು. ಕೊಂಬು ಕೈಯಿಂದ ಕೈಗೆ ಹೋಗುವಂಥದ್ದು. ಎಂಜಲು ಮಾಡಬಾರದೆಂಬ ಅಭ್ಯಾಸಬಲದಿಂದ ನಾನು ಅದನ್ನು ತುಟಿಗೆ ತಾಗಿಸದೆ, ನಮ್ಮ ಚೊಂಬಿನ ನೀರು ಕುಡಿಯುವ ಹಾಗೆ ಎತ್ತಿ ಬಾಯಿಗೆ ಹೊಯ್ದುಕೊಂಡೆ. ಮೇಜಿನವರೆಲ್ಲ ನನ್ನನ್ನೇ ನೋಡಿದರು. ನನ್ನ ಮಾನ ಹೋಯಿತೆಂದುಕೊಂಡೆ. ಝಾಝಾ ಎದೆಯ ಮೇಲೆ ಕೈಯಿಟ್ಟು ಏನೋ ಗಂಭೀರವಾಗಿ ಹೇಳಿದ. ಭಾರತದಲ್ಲಿ ಅತಿ ಗೌರವದ ಮಾತಿಗೆ ಹೀಗೆ ಆಕಾಶದಿಂದ ಕುಡಿಯುತ್ತಾರೆ ಎಂದು ಆತ ವಿವರಿಸುತ್ತಿದ್ದಾನಂತೆ. ಆಮೇಲೆ ಆ ಸಾಲಿನಲ್ಲಿ ಕೂತವರೆಲ್ಲ ಹಾಗೇ ಕುಡಿಯಲು ಹೋಗಿ ಅಂಗಿ ತೋಯಿಸಿಕೊಂಡರು. ಅತಿಥಿಯ ತಪ್ಪನ್ನು ಇಡೀ ಮೇಜು ಹೊತ್ತುಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಹಾಡು ಬಂತು. ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ, ಯಾರೂ ಯಾರನ್ನೂ ಒತ್ತಾಯಿಸಲಿಲ್ಲ. ಝಾಝಾ ನಡುವಿನ ಧ್ವನಿಯಲ್ಲಿ ಶುರು ಮಾಡಿದ, ಪಕ್ಕದ ಮನೆಯಾಕೆ ಮೇಲಿನದು ಹಿಡಿದಳು, ಉಳಿದವರೆಲ್ಲ ಕೆಳಗಿನದು. ಬಾಯಲ್ಲಿ ಪೂರಿ ಇದ್ದವರೂ ಹಾಡಿದರು. ಮೂರು ಧ್ವನಿ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದು ಕಡೆ ಸೇರಿದಾಗ ನನ್ನ ಮೈ ಜುಮ್ಮೆಂದಿತು. ನಾವಿಬ್ಬರೂ ಸಭೆಯ ಮೊದಲ ಸಾಲಿನಲ್ಲಿ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತೆವು. ಪದ್ಮಾಳ ಬೆರಳು ತೊಡೆಯ ಮೇಲೆ ತಾಳ ಹುಡುಕುತ್ತಿತ್ತು. ಹಾಡು ಮುಗಿದದ್ದೇ ನಾವು ಚಪ್ಪಾಳೆ ತಟ್ಟಿದೆವು.

ಎಲ್ಲರೂ ನಮ್ಮ ಕಡೆ ತಿರುಗಿದರು. ಲಾಮಾರಾ ಅಜ್ಜಿ ಸೊಸೆಯನ್ನು ಏನೋ ಕೇಳಿದರು. ಏಕಾ ಮುಜುಗರಪಟ್ಟುಕೊಂಡು ಅದನ್ನು ನಮಗೆ ಹೇಳಿದಳು. ಅತಿಥಿಗಳಿಗೆ ನಮ್ಮ ಮೇಲೆ ಏನಾದರೂ ಬೇಸರವೇ, ಯಾಕೆ ಸೇರಿಕೊಳ್ಳಲಿಲ್ಲ, ಎಂದು ಅತ್ತೆ ಕೇಳುತ್ತಿದ್ದಾರೆ.

ನಮಗೆ ನಿಮ್ಮ ಹಾಡು ಬರುವುದಿಲ್ಲ ಎಂದೆ. ಮಾತು ಬರದಿದ್ದರೆ ಬೇಡ, ಕೆಳಗಿನ ಧ್ವನಿಗೆ ಮಾತೇ ಬೇಕಾಗಿಲ್ಲ, ಬರೀ ಓ ಎಂದರೆ ಸಾಕು ಎಂದಳು ಏಕಾ. ನನಗೆ ಸಂಗೀತವೇ ಬರುವುದಿಲ್ಲ, ಸಂಗೀತ ಇವಳದು, ಇವಳಿಗೆ ಆಪರೇಷನ್ ಆಗಿ ಧ್ವನಿ ಹೋಗಿದೆ ಎಂದು ವಿವರಿಸಿದೆ. ಪದ್ಮಾ ತಟ್ಟೆ ನೋಡುತ್ತ ಕೂತಳು. ಏಕಾ ಅನುವಾದ ಮಾಡಲು ತಡವರಿಸಿದಳು. ಅವರ ಶಾಲೆಯ ಪುಸ್ತಕದಲ್ಲಿ ಮ್ಯೂಸಿಕ್ ಎಂದರೆ ವಾದ್ಯ, ರೇಡಿಯೊ, ನಗರದ ದೊಡ್ಡ ಸಭಾಂಗಣ. ಮೇಜಿನ ಮುಂದೆ ಮಾಡುವುದಕ್ಕೆ ಆ ಮಾತು ಸಲ್ಲುವುದಿಲ್ಲವಂತೆ. ಹಾಡನ್ನು ಅವರು ‘ಹೇಳುತ್ತಾರೆ’, ಮಾತು ಹೇಳಿದ ಹಾಗೆ. ಹೇಳಲು ಬರುವುದಿಲ್ಲ ಎನ್ನುವವನು ಅವರ ಪಾಲಿಗೆ ಮೂಗ, ಅಷ್ಟೇ. ನಮ್ಮಮ್ಮನ ನೆನಪಾಯಿತು ನನಗೆ. ಅವಳೂ ‘ಒಂದು ಹಾಡು ಹೇಳು’ ಎನ್ನುತ್ತಿದ್ದಳೇ ಹೊರತು ಹಾಡು ಹಾಡು ಎನ್ನುತ್ತಿರಲಿಲ್ಲ.

ಲಾಮಾರಾ ಅಜ್ಜಿ ಎದ್ದು ಬಂದು, ತಮ್ಮ ಪಕ್ಕದ ಖಾಲಿ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಅದು ಅವರ ಗಂಡನ ಕುರ್ಚಿ, ಹೋದ ಚಳಿಗಾಲದವರೆಗೆ ಕೆಳಗಿನ ಧ್ವನಿ ಹಿಡಿಯುತ್ತಿದ್ದವರು ಅವರೇ ಎಂದು ಏಕಾ ಮೆಲ್ಲನೆ ಹೇಳಿದಳು. ಆ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದು ಹೇಗೆ? ನನಗೆ ಗೊತ್ತಿದ್ದ ಸ್ವರ ಒಂದೇ. ನಮ್ಮ ಕ್ರಾಸಿನ ಮೂಲೆಯ ಟ್ರಾನ್ಸ್‌ಫಾರ್ಮರ್ ಹಗಲೂ ರಾತ್ರಿ ಗುಂಯ್‌ಗುಡುತ್ತದಲ್ಲ, ಅದು. ಸರ್ವಿಸಿನ ಉದ್ದಕ್ಕೂ ಕೇಳಿದ್ದು ಅದನ್ನೇ. ಝಾಝಾ ಇನ್ನೊಂದು ಹಾಡು ಎತ್ತಿದ. ನಾನು ಕಣ್ಣು ಮುಚ್ಚಿ ಟ್ರಾನ್ಸ್‌ಫಾರ್ಮರ್ ಆದೆ.

ಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಮೇಜು ಕೆಳಗಿನ ಸ್ವರಕ್ಕೆ ಇಳಿಯಿತು, ನಾನು ಇಳಿಯಲಿಲ್ಲ. ನನಗೇನು ಗೊತ್ತು? ನಲವತ್ತು ವರ್ಷಕ್ಕೆ ಹತ್ತಿರ ಸಂಗೀತದ ಮನೆಯಲ್ಲಿ ಬಾಳಿದ್ದೇನೆ. ಶ್ರುತಿ ಎಂದರೆ ಅಲ್ಲಾಡಬಾರದು ಎಂದು ಮಾತ್ರ ಕಲಿತಿದ್ದೇನೆ. ಅವರ ಕೆಳಗಿನ ಧ್ವನಿ ಹಾಡಿನ ಜೊತೆ ನಡೆಯುತ್ತದೆ, ನಮ್ಮದು ಕಂಬದ ಹಾಗೆ ನಿಲ್ಲುತ್ತದೆ. ನಾನು ಭದ್ರವಾಗಿ ನಿಂತೆ. ಅಪಸ್ವರ ಕೇಳಿ ಅಂಗಳದ ನಾಯಿ ಎದ್ದು ಕೂತಿತು. ಆದರೂ ಅಲ್ಲಿದ್ದವರು ಯಾರೂ ಹಾಡು ನಿಲ್ಲಿಸಲಿಲ್ಲ, ಯಾರೂ ನಗಲಿಲ್ಲ. ಲಾಮಾರಾ ಅಜ್ಜಿ ನನ್ನ ಮೊಣಕಾಲಿನ ಮೇಲೆ ಅಂಗೈಯಿಟ್ಟು ಕೆಳಗೆ, ಕೆಳಗೆ ಎಂದು ಒತ್ತಿದರು. ಅದನ್ನು ಶಹಬ್ಬಾಸ್ ಎಂದುಕೊಂಡು ನಾನು ಇನ್ನೂ ಜೋರಾಗಿ ಹಿಡಿದೆ.

ತಡೆಯಲಾಗದೆ ಹೋದದ್ದು ಪದ್ಮಾಳಿಗೆ. ಜೀವಮಾನವೆಲ್ಲ ಮಕ್ಕಳ ಅಪಸ್ವರ ತಿದ್ದಿದವಳು. ತಪ್ಪು ಸ್ವರ ಕಿವಿಗೆ ಬಿದ್ದರೆ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಮೇಜಿನ ಆಚೆಯಿಂದ ನನ್ನ ಕಡೆ ಬಾಗಿ, ಕೈಯೆತ್ತಿ, ಕ್ಲಾಸಿನಲ್ಲಿ ಮಾಡುತ್ತಿದ್ದಂತೆ ಸರಿಯಾದ ಸ್ವರವನ್ನು ತುಂಬು ಕಂಠದಲ್ಲಿ ಹಿಡಿದು ತೋರಿಸಿದಳು. ದಪ್ಪನೆಯ, ಕೆಳಗಿನ, ಒಂದಿಷ್ಟೂ ನಡುಗದ ಧ್ವನಿ. ಆ ಧ್ವನಿಯನ್ನು ನಾನು ಕೇಳಿರಲೇ ಇಲ್ಲ. ನನ್ನ ಬಾಯಿ ತಾನಾಗಿ ಅದರ ಹಿಂದೆ ಹೋಯಿತು. ಹಾಡು ಇಳಿದರೆ ಇಳಿದಳು, ಏರಿದರೆ ಏರಿದಳು. ಎರಡು ಸುತ್ತಿಗೆ ಆ ಹಾಡಿನ ನಡಿಗೆ ಅವಳಿಗೆ ತಿಳಿದುಹೋಗಿತ್ತು. ನನ್ನನ್ನು ತಿದ್ದುವುದು ಮುಗಿದ ಮೇಲೂ ಅವಳು ನಿಲ್ಲಿಸಲಿಲ್ಲ.

ತಾನು ಹಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದ ಗಳಿಗೆಯನ್ನು ನಾನು ಕಂಡೆ. ಕಣ್ಣು ಅಗಲವಾಯಿತು, ಕೈ ಗಂಟಲ ಹತ್ತಿರ, ಆಪರೇಷನ್ನಿನ ಗೆರೆಯ ಹತ್ತಿರ ಹೋಯಿತು. ನಿಲ್ಲಿಸಿಬಿಡುತ್ತಾಳೆ ಎಂದುಕೊಂಡೆ. ಆದರೆ ಅಲ್ಲಿ ಯಾರೂ ಅವಳ ಕಡೆ ತಿರುಗಿ ಆಹಾ ಎನ್ನಲಿಲ್ಲ. ಪಕ್ಕದವಳು ತನ್ನ ಕುರ್ಚಿ ಸ್ವಲ್ಪ ಸರಿಸಿ ಅವಳಿಗೆ ಜಾಗ ಮಾಡಿದಳು, ಅಷ್ಟೇ. ಕೇಳುವವರೇ ಇಲ್ಲದ ಮೇಲೆ ಯಾರಿಗೆ ಹೆದರಬೇಕು? ಪದ್ಮಾ ಕೈ ಇಳಿಸಿ ಕೊನೆಯವರೆಗೂ ಹಾಡಿದಳು. ನಾನು ಅತ್ತುಬಿಟ್ಟೆ. ಅಳುತ್ತಲೇ ಓ ಎನ್ನುತ್ತಿದ್ದೆ, ಸ್ವರ ಎಲ್ಲಿತ್ತೋ ದೇವರೇ ಬಲ್ಲ.

ಈ ಸಲ ನಾವು ಚಪ್ಪಾಳೆ ತಟ್ಟಲಿಲ್ಲ. ಲಾಮಾರಾ ಅಜ್ಜಿ ಪದ್ಮಾಳ ತಟ್ಟೆಗೆ ಇನ್ನೊಂದು ತುಂಡು ಪೂರಿ ಹಾಕಿ ಏನೋ ಹೇಳಿದರು. ಏಕಾ ನಮಗೆ ಹೇಳಿದಳು: “ನಿಮ್ಮ ಧ್ವನಿ ಎಲ್ಲೂ ಹೋಗಿಲ್ಲವಂತೆ. ಮೇಲಿನ ಮನೆಯಿಂದ ಕೆಳಗಿನ ಮನೆಗೆ ಬಂದಿದೆಯಂತೆ.”

ಸಂಜೆ ದಾರಿ ತೆರೆಯಿತೆಂದು ಸುದ್ದಿ ಬಂತು. ಹೊರಡುವಾಗ ಪದ್ಮಾ ತಾನಾಗಿಯೇ ನನ್ನ ಚೀಲದಿಂದ ಶ್ರುತಿಪೆಟ್ಟಿಗೆ ತೆಗೆದು ಅಜ್ಜಿಯ ಮುಂದೆ ಇಟ್ಟಳು. ಹಚ್ಚಿದಳು. ಅಜ್ಜಿ ಬಹಳ ಹೊತ್ತು ಕೇಳಿದರು. ಮ್ಯೂಸಿಕ್ ಯಾವಾಗ ಶುರುವಾಗುತ್ತದೆ ಎಂದು ಅವರು ಕೇಳಲಿಲ್ಲ. ಇದು ಕೂತಲ್ಲಿಂದ ಏಳುವುದೇ ಇಲ್ಲ, ನನ್ನ ಗಂಡನೂ ಥೇಟ್ ಹೀಗೇ ಎಂದು ನಕ್ಕು, ಸೆರಗಿನಂಥ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಪದ್ಮಾ ಅದನ್ನು ಆ ಖಾಲಿ ಕುರ್ಚಿಯ ಮೇಲೆ ಇಟ್ಟು ಬಂದಳು.

ಸಾರಕ್ಕಿ, ನಮ್ಮ ಕ್ರಾಸು

ಮನೆಗೆ ಬಂದ ಮರುದಿನ ವಾಕಿಂಗ್ ಗೆಳೆಯರೆಲ್ಲ ಫೋಟೊ ತೋರಿಸಿ ಎಂದರು. ಹಿಮದ ಬೆಟ್ಟ ತೋರಿಸಿದೆ. ಆ ಮೇಜಿನ ಫೋಟೊ ಒಂದೂ ಇಲ್ಲ. ಹಾಡುತ್ತಿದ್ದವರ ಕೈಯಲ್ಲಿ ಫೋನಿರುವುದಿಲ್ಲ ಎಂದರೆ ಅವರಿಗೆ ಅರ್ಥವಾಗಲಿಲ್ಲ. ವಾಪಸು ಬರುವಾಗ ಕಾಫಿ ವಾಸನೆ ಮೂಗಿಗೆ ಬಡಿಯುವ ಮೊದಲೇ ಕ್ರಾಸಿನ ಮೂಲೆಯ ಟ್ರಾನ್ಸ್‌ಫಾರ್ಮರ್ ಕಿವಿಗೆ ಬಿತ್ತು. ಎಷ್ಟೋ ವರ್ಷದ ಪರಿಚಯ, ನಿಂತು ಮಾತಾಡಿಸಿದ್ದು ಅವತ್ತೇ.

ಮುಂದಿನ ಕೋಣೆಯ ಕಿಟಕಿ ತೆರೆದಿತ್ತು. ಪದ್ಮಾ ಚಾಪೆ ಹಾಸಿ ಕೂತಿದ್ದಳು. ತಂಬೂರಿಯ ಗವಸು ಬಿಚ್ಚಿತ್ತು, ತಂತಿಗಳೆಲ್ಲ ತುಕ್ಕು ಹಿಡಿದು ಎರಡು ಹರಿದಿದ್ದವು. ಚಪ್ಪಲಿ ಬಿಟ್ಟು ಒಳಗೆ ಬಂದ ನನ್ನನ್ನು ನೋಡಿ, ಕೂತ್ಕೊಳ್ಳಿ ಎಂದಳು. ಎಂದಿನಂತೆ ಗೋಡೆಗೆ ಒರಗಿ, ಕೇಳುವವನ ಜಾಗದಲ್ಲಿ ಕೂರಲು ಹೋದೆ.

“ಅಲ್ಲಲ್ಲ ರೀ. ಇಲ್ಲಿ, ಪಕ್ಕಕ್ಕೆ ಬನ್ನಿ. ಪೆಟ್ಟಿಗೆ ಕೊಟ್ಟು ಬಂದಿದೀನಲ್ಲ.”

ಫೋನಿನಲ್ಲಿ ಶ್ರುತಿಯ ಆಪ್ ಇದೆಯಲ್ಲ, ಹಚ್ಚಲೇ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ತಗ್ಗಿನ ಹೊಸ ಷಡ್ಜವನ್ನು ಮೆಲ್ಲಗೆ ಒಮ್ಮೆ ತೋರಿಸಿ, ನನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟಳು.

“ನೀವೇ ಹಿಡೀರಿ. ಇದು ನಮ್ಮನೆ, ಈ ಸಲ ಅಲ್ಲಾಡಬೇಡಿ.”

ಕಣ್ಣು ಮುಚ್ಚಿ ಹಿಡಿದೆ. ಅವಳು ಹಾಡಿದಳು.